ಮರ ನುಂಗಿದ ಮೊಳೆ

ಹೊಸಕೋಟೆ

ವಿದೇಶಕ್ಕೆ ಹೋಗಿ ಬಂದವನನ್ನು ನಮ್ಮ ಕಡೆ ಜನ ಕೇಳುವುದು ಎರಡೇ: ಅಲ್ಲಿ ಏನು ತಿಂದೆ, ಚಳಿ ಹೇಗಿತ್ತು. ಎರಡಕ್ಕೂ ನಾನು ಎಷ್ಟು ಸಲ ಉತ್ತರ ಹೇಳಿದ್ದೇನೆಂದರೆ ನನ್ನ ಮಾತು ನನಗೇ ಹಳಸಿಹೋಗಿದೆ. ಯಾರೂ ಕೇಳದೆ ಬಿಟ್ಟ ಮೂರನೆಯದೊಂದಿದೆ. ಅದನ್ನು ಹೇಳಬೇಕಾದರೆ ಹೊರಡುವ ಮುಂಚೆ ನಾನು ಬರೆದ ಒಂದು ವರದಿಯಿಂದಲೇ ಶುರುಮಾಡಬೇಕು.

ಆಗ ನಾನು ಹೊಸಕೋಟೆಯಲ್ಲಿ ಅರಣ್ಯ ರೇಂಜರ್. ತ್ಯಾಮಗೊಂಡ್ಲು ಕಡೆಯ ಒಕ್ಕಲು ಮನೆತನದಲ್ಲಿ ಹುಟ್ಟಿ ಖಾಕಿ ತೊಟ್ಟವರಲ್ಲಿ ನಾನೇ ಮೊದಲಿಗ, ಹಾಗಾಗಿ ಗತ್ತಿಗೇನೂ ಕಡಿಮೆ ಇರಲಿಲ್ಲ. ಸೂಲಿಬೆಲೆಯ ಹೊರಗೆ ಕೆರೆಯ ಪಕ್ಕದಲ್ಲಿ ಇಲಾಖೆಗೆ ಸೇರಿದ ಹಳೆಯ ತೋಪೊಂದಿತ್ತು. ಮಾವೇ ಹೆಚ್ಚು, ನಡುನಡುವೆ ನೇರಳೆ, ಹಿಪ್ಪೆ, ಅಂಚಿನಲ್ಲಿ ಹೊಂಗೆ. ನಮ್ಮ ಬಯಲುಸೀಮೆಯಲ್ಲಿ ಅಷ್ಟಿದ್ದರೆ ಅದನ್ನೇ ಕಾಡು ಎನ್ನಬೇಕು. ಅದರ ಕಾವಲುಗಾರ ಮುನಿಶಾಮಪ್ಪ. ಖಾಯಂ ನೌಕರನಲ್ಲ, ಆದರೆ ನಾನು ಬರುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದ ಅಲ್ಲೇ ಇದ್ದವನು. ಯಾವ ಮರದ ಕಾಯಿ ಉಪ್ಪಿನಕಾಯಿಗೆ ಒಳ್ಳೆಯದು, ಯಾವುದರದು ಗೊಜ್ಜಿಗೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ.

ಬೆಂಗಳೂರು ಬೆಳೆಯುತ್ತಿತ್ತು. ಅದಕ್ಕೆ ಇಟ್ಟಿಗೆ ಬೇಕಿತ್ತು. ಕೆರೆಯಂಗಳದ ಮಣ್ಣು ನಂಬಿಕೊಂಡು ತೋಪಿನ ಪಕ್ಕದಲ್ಲೇ ಇಟ್ಟಿಗೆ ಗೂಡುಗಳು ಎದ್ದವು. ನಾಲ್ಕೈದು ವರ್ಷದಲ್ಲಿ ತೋಪು ಕೆಟ್ಟಿತು. ಮಾವಿನಕಾಯಿಯ ತುದಿ ಕಪ್ಪಾಗಿ ಉದುರುತ್ತಿತ್ತು, ಎಲೆಯ ಅಂಚು ಸುಟ್ಟಂತಾಗುತ್ತಿತ್ತು, ಆಮೇಲೆ ಕೊಂಬೆ ಒಣಗುತ್ತಿತ್ತು. ಅದೇ ಹೊತ್ತಿಗೆ ಮಳೆಯೂ ಕೈಕೊಟ್ಟಿದ್ದರಿಂದ ತಪ್ಪನ್ನು ಮಳೆಯ ಮೇಲೆ ಹಾಕಿ ನಾವೆಲ್ಲ ಸುಮ್ಮನಿದ್ದೆವು. ಮಳೆ ಬಂತು. ಕೆರೆಯೂ ತುಂಬಿತು. ಮರಗಳು ಮಾತ್ರ ಒಣಗುತ್ತಲೇ ಹೋದವು.

ತಪಾಸಣೆಗೆ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಮೊಳೆ. ಕೆಟ್ಟ ಮರಗಳ ಬೊಡ್ಡೆಯಲ್ಲೆಲ್ಲ, ಎದೆಯ ಎತ್ತರಕ್ಕೆ, ಒಂದೊಂದು ಕಬ್ಬಿಣದ ಮೊಳೆ. ಹೊಡೆದವನು ಮುನಿಶಾಮಪ್ಪನೇ. ಕೇಳಿದ ಕೂಡಲೇ ಒಪ್ಪಿಕೊಂಡ. ಕಾಯಿ ಬಿಡದ ಮರಕ್ಕೆ ಮೊಳೆ ಹೊಡೆದು ಹೆದರಿಸುವುದು ನಮ್ಮ ಕಡೆ ಹಳೆಯ ಪದ್ಧತಿ. ಒಬ್ಬರು ಕೊಡಲಿ ಹಿಡಿದು ಕಡಿದುಬಿಡುತ್ತೇನೆ ಎಂದು ಮರವನ್ನು ಗದರಿಸಬೇಕು. ಇನ್ನೊಬ್ಬರು ಬೇಡ, ಬರುವ ವರ್ಷ ಬಿಡುತ್ತದೆ ಎಂದು ಅದರ ಪರವಾಗಿ ಜಾಮೀನು ನಿಲ್ಲಬೇಕು. ನಮ್ಮ ಹೊಲದ ಹುಣಸೆಗೆ ನನ್ನ ಅಜ್ಜನೇ ಹಾಗೆ ಮಾಡಿದ್ದನ್ನು ನಾನು ನೋಡಿದ್ದೇನೆ. ಅವತ್ತು ಅಜ್ಜ ನೆನಪಾಗಲಿಲ್ಲ. ಮೊಳೆ ಹೊಡೆದರೆ ಮರ ಸಾಯುತ್ತದೆಂದು ಎಲ್ಲೋ ಕೇಳಿದ್ದೆ, ಒಣಮರ ಹರಾಜಿಗೆ ಹೋಗುತ್ತದೆಂಬುದು ಗೊತ್ತೇ ಇತ್ತು. ಎರಡನ್ನೂ ಕೂಡಿಸಿ, ಸೌದೆಯವರ ಜೊತೆ ಸೇರಿಕೊಂಡು ಕಾವಲುಗಾರನೇ ಮರಗಳನ್ನು ಕೊಂದಿದ್ದಾನೆ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.

ಅವನನ್ನು ಕೆಲಸದಿಂದ ತೆಗೆದರು. ಹೋಗುವ ದಿನ ಕಚೇರಿಯ ಮೆಟ್ಟಿಲ ಕೆಳಗೆ ಬಂದು ನಿಂತ. ಕೆಲಸದ ಮಾತೇ ಎತ್ತಲಿಲ್ಲ.

"ನಿಜವಾಗ್ಲೂ ಮರ ಎಲ್ಲ ನನ್ ಮೊಳೆಯಿಂದ್ಲೇ ಸತ್ತೋದ್ವಾ ಸ್ವಾಮಿ?" ಎಂದು ಕೇಳಿದ.

ನಾನು ಹೌದು ಎಂದೆ. ಕೆಲಸ ಹೋದದ್ದಕ್ಕಿಂತ ಆ ಹೌದು ಅವನಿಗೆ ಹೆಚ್ಚು ತಾಗಿತೆಂದು ನನಗೆ ಆಗಲೇ ಅನ್ನಿಸಿತು. ಅನ್ನಿಸಿದ್ದನ್ನು ಊಟದ ಹೊತ್ತಿಗೆ ಮರೆತೆ. ಒಣಗಿದ ಮರಗಳು ಹರಾಜಾದವು, ಗೂಡಿನವರೇ ಸೌದೆಗೆಂದು ಕೊಂಡರು. ಮರುವರ್ಷ ಜೆಕೊಸ್ಲೊವಾಕಿಯಕ್ಕೆ ತರಬೇತಿಗೆ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಚುರುಕಾಗಿ ತನಿಖೆ ಮಾಡುವ ಅಧಿಕಾರಿ ಎಂದು ಶಿಫಾರಸಿನಲ್ಲಿ ಬರೆದಿದ್ದರಂತೆ.

ಪ್ರಾಗ್

ಹೆಂಡತಿ ಎರಡು ಸೇರು ರಾಗಿ ಹುರಿಹಿಟ್ಟು ಕಟ್ಟಿಕೊಟ್ಟಿದ್ದಳು. ವಿಮಾನ ನಿಲ್ದಾಣದ ಸುಂಕದವನು ಗಂಟು ಬಿಚ್ಚಿ, ಮೂಸಿ, ಬೆರಳಲ್ಲಿ ಕೆದಕಿ, ಇದೇನು ಎಂಬಂತೆ ನನ್ನ ಮುಖ ನೋಡಿದ. ತಿನ್ನುವ ಪದಾರ್ಥವಪ್ಪಾ ಎಂದು ತೋರಿಸಲು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಒಣ ಹಿಟ್ಟು ನೆತ್ತಿಗೇರಿ ಕೆಮ್ಮು ಬಂತು, ಅಷ್ಟೂ ಅವನ ಕರಿ ಕೋಟಿನ ಮೇಲೆ ಹಾರಿತು. ಅವನು ಕೋಟು ಕೊಡವಿಕೊಂಡು ಗಂಟು ಕಟ್ಟಿ, ಬೇಗ ಹೋಗು ಎಂದು ಕೈಸನ್ನೆ ಮಾಡಿದ.

ನಮಗೆ ದುಭಾಷಿಯಾಗಿ ಹಾನಾ ಎಂಬ ಹುಡುಗಿಯನ್ನು ಕೊಟ್ಟಿದ್ದರು, ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದವಳು. ಮೊದಲ ದಿನವೇ ನನ್ನ ಬೆನ್ನಿಗೆ ಗುದ್ದುವ ಕೆಲಸ ಅವಳಿಗೆ ಬಂತು. ಅವರ ಊಟದಲ್ಲಿ ಬೆಂದ ಹಿಟ್ಟಿನದೊಂದು ಬಿಳಿ ಉಂಡೆ ಬರುತ್ತದೆ. ಬೇಯಿಸಿದ ಮೊಟ್ಟೆಯನ್ನು ನಾವು ನೂಲಿನಲ್ಲಿ ಕತ್ತರಿಸುವ ಹಾಗೆ ಅದನ್ನೂ ನೂಲಿನಲ್ಲಿ ಕತ್ತರಿಸಿ, ಸಾರಿನ ಜೊತೆ ಬಡಿಸುತ್ತಾರೆ. ನೋಡಿದ ಕೂಡಲೇ ಮುದ್ದೆಯೇ ಎಂದು ಪ್ರಾಣ ಬಂದಂತಾಯಿತು. ಮುದ್ದೆಯನ್ನು ಅಗಿಯುವವನನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಲ್ಲ, ನಾನೂ ಸಾರಿನಲ್ಲಿ ಅದ್ದಿ ಒಂದೇ ಸಲಕ್ಕೆ ನುಂಗಿದೆ. ಅದು ಬ್ರೆಡ್ಡಿನ ಜಾತಿ, ಗಂಟಲಲ್ಲೇ ಕೂತಿತು. ಹಾನಾ ಗುದ್ದಿದಳು, ನೀರು ಕುಡಿಸಿದಳು. ಅಗಿಯದೆ ಯಾಕೆ ತಿಂದಿರಿ ಎಂದು ಕೇಳಿದಳು. ನಮ್ಮಲ್ಲಿ ಹಾಗೆಯೇ ಎಂದೆ. ನಾನು ಬೇರೆ ಯಾವುದೋ ಜೀವಿಯೆಂಬಂತೆ ಒಂದು ಗಳಿಗೆ ನೋಡಿದಳು.

ಆ ಜನ ಮನೆಗೆ ಬಂದವರಿಗೆ ಬಾಗಿಲಲ್ಲೇ ಜೋಡು ಬಿಡಿಸುತ್ತಾರೆ, ಅದು ನನಗೆ ಹಿತವಾಯಿತು. ಬೀದಿಯಲ್ಲಿ ಸಾಲು ಕಂಡರೆ ಮೊದಲು ನಿಂತುಕೊಂಡು ಆಮೇಲೆ ಏನು ಕೊಡುತ್ತಿದ್ದಾರೆ ಎಂದು ಕೇಳುತ್ತಾರೆ, ಅದಂತೂ ನಮ್ಮ ಸೀಮೆಎಣ್ಣೆ ಸಾಲಿನ ಹಾಗೇ. ಟ್ರಾಮಿನಲ್ಲಿ ಮಾತ್ರ ಯಾರೂ ಮಾತಾಡುವುದಿಲ್ಲ. ಅಷ್ಟು ಜನರ ನಡುವೆ ಅಷ್ಟು ಮೌನವನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ.

ಬೆಟ್ಟದ ಬುಡದ ಊರು

ಒಂದು ವಾರ ಪಾಠ ಕೇಳಿದ ಮೇಲೆ ನಮ್ಮನ್ನು ಬೇರೆ ಬೇರೆ ಕಾಡುಗಳಿಗೆ ಹಂಚಿದರು. ನನಗೆ ಸಿಕ್ಕಿದ್ದು ಉತ್ತರದ ಗಡಿಯ ಬೆಟ್ಟ. ಹಾನಾ ಜೊತೆಗೆ ಬಂದಳು. ರೈಲು ಆ ಕಣಿವೆಗೆ ಇಳಿಯುವ ಹೊತ್ತಿಗೆ ಹಗಲೇ ಮಬ್ಬಾಯಿತು. ನೆಲವನ್ನು ಬಗೆದು ಕಂದು ಕಲ್ಲಿದ್ದಲು ತೆಗೆಯುತ್ತಿದ್ದರು, ಅದನ್ನು ಅಲ್ಲೇ ಸುಟ್ಟು ಕರೆಂಟು ಮಾಡುತ್ತಿದ್ದರು. ಚಿಮಣಿಗಳ ತುದಿ ಮೋಡದಲ್ಲಿ ಸೇರಿಹೋಗಿತ್ತು. ಮೂಗಿಗೆ ಹೊಡೆದದ್ದು ದೀಪಾವಳಿಯ ಮಾರನೆಯ ಬೆಳಗಿನ ವಾಸನೆ. ಅಲ್ಲಿ ಅದು ದಿನವೂ ಇರುತ್ತದೆ.

ನಾವು ಉಳಿದದ್ದು ಯಾನ್ ಎಂಬ ಹಿರಿಯ ಅರಣ್ಯ ಅಧಿಕಾರಿಯ ಮನೆಯಲ್ಲಿ. ನಿವೃತ್ತಿಗೆ ಹತ್ತಿರವಾದವನು, ಮಾತು ಬಲು ಕಡಿಮೆ. ಅವನ ಹೆಂಡತಿ ಮಾರಿಯ ಬೆಳಗಾದರೆ ಬಾಗಿಲಿಗೆ ಬಂದು, ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿಯುತ್ತಿದ್ದಳು. ಇದೇನೋ ಅವರ ಪೂಜೆ ಇರಬೇಕು ಎಂದುಕೊಂಡೆ. ಮೂರನೆಯ ದಿನ ನನ್ನ ಪಂಚೆ ಒಗೆದು ಅಂಗಳದ ಹಗ್ಗಕ್ಕೆ ಹಾಕಿದೆ. ಮಧ್ಯಾಹ್ನ ನೋಡಿದರೆ ಬಿಳಿ ಪಂಚೆಯ ತುಂಬ ಎಳ್ಳು ಚೆಲ್ಲಿದ ಹಾಗೆ ಮಸಿ. ಒರೆಸಿದರೆ ಗೆರೆಯಾಗಿ ಇನ್ನೂ ಕೆಟ್ಟಿತು. ಮಾರಿಯ ಅದನ್ನು ತೆಗೆದುಕೊಂಡು ಹೋಗಿ ಮತ್ತೆ ಒಗೆದು ಅಡುಗೆಮನೆಯೊಳಗೆ ಒಣಹಾಕಿದಳು. ಬೆರಳು ಹಿಡಿಯುತ್ತಿದ್ದುದು ಗಾಳಿ ಚಿಮಣಿಯ ಕಡೆಯಿಂದ ಬರುತ್ತಿದೆಯೋ ಇಲ್ಲವೋ ಎಂದು ನೋಡಲು.

ಆಗ ನನಗೆ ಮುನಿಶಾಮಪ್ಪನ ಹೆಂಡತಿಯ ನೆನಪಾಯಿತು. ತೋಪಿನಲ್ಲಿ ಬಟ್ಟೆ ಒಣಹಾಕಿದರೆ ಕಪ್ಪಾಗುತ್ತದೆ ಸ್ವಾಮಿ, ಗೂಡಿನವರಿಗೆ ಒಂದು ಮಾತು ಹೇಳಿ ಎಂದು ಅವಳು ಎರಡು ಸಲ ನನ್ನಲ್ಲಿ ಹೇಳಿಕೊಂಡಿದ್ದಳು. ಬಟ್ಟೆಯ ದೂರು ಕೇಳಲು ಸರ್ಕಾರ ನನ್ನನ್ನು ಇಟ್ಟಿಲ್ಲ ಎಂದು ನಗಾಡಿ ಕಳಿಸಿದ್ದೆ. ನೆನಪು ಅಷ್ಟಕ್ಕೇ ನಿಂತಿತು.

ಮೇಲಿನ ಕಾಡು

ಬೆಟ್ಟದ ಮೇಲೆ ನನ್ನನ್ನು ಕರೆದುಕೊಂಡು ಹೋದ ದಿನ ಬಿಸಿಲಿತ್ತು. ಹೊಗೆಯ ಮೇಲಕ್ಕೆ ಬಂದಿದ್ದೆವು. ನಾನು ಪುಸ್ತಕದಲ್ಲಿ ನೋಡಿದ್ದು ಮೊನೆಮೊನೆಯಾದ ಹಸಿರು ಸ್ಪ್ರೂಸ್ ಮರಗಳ ಕಾಡು. ಕಣ್ಣೆದುರು ಇದ್ದದ್ದು ತಿಂದು ಬಿಟ್ಟ ಮೀನಿನ ಮುಳ್ಳಿನಂಥ ಮರಗಳು, ಗುಡ್ಡದಿಂದ ಗುಡ್ಡಕ್ಕೆ. ಎಲೆಯಿಲ್ಲ, ತೊಗಟೆ ಜೋಲುತ್ತಿದೆ, ಒಂದು ಹಕ್ಕಿಯ ದನಿಯಿಲ್ಲ. ನಮ್ಮಲ್ಲಿ ಮರ ಕಡಿದರೆ ಬಯಲಾಗುತ್ತದೆ, ಅದನ್ನು ಕಂಡು ಗೊತ್ತು. ನಿಂತಲ್ಲೇ ಸತ್ತು, ಬೀಳುವುದಕ್ಕೂ ಆಗದೆ ಹಾಗೇ ನಿಂತ ಕಾಡನ್ನು ನಾನು ಕಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಹೊಗೆ ತಾಗಿತೆಂದು ಹಾನಾಳಿಗೆ ಹೇಳಿದೆ.

ಯಾನ್ ಸ್ವಲ್ಪ ಸ್ವಲ್ಪವಾಗಿ ವಿವರಿಸಿದ, ಹಾನಾ ಹೇಳುತ್ತಾ ಹೋದಳು. ಹೊಗೆಯಲ್ಲಿರುವ ಗಂಧಕ ಮಂಜಿನಲ್ಲಿ ಕರಗಿ ಎಲೆಯನ್ನು ಸುಡುತ್ತದೆ, ಮಣ್ಣನ್ನೂ ಹುಳಿ ಮಾಡುತ್ತದೆ. ಮರ ಒಂದೇ ಸಲಕ್ಕೆ ಸಾಯುವುದಿಲ್ಲ. ಹಳೆಯ ಎಲೆ ಮೊದಲು ಉದುರುತ್ತದೆ, ಬೆಳವಣಿಗೆ ಕುಗ್ಗುತ್ತದೆ. ಹೀಗೆ ನಿತ್ರಾಣವಾಗಿರುವಾಗ ಯಾವುದೋ ಒಂದು ಚಳಿಗಾಲ ಬಿಸಿಲು ಕಾಯ್ದು ಮಾರನೆಯ ದಿನವೇ ಕಡು ಚಳಿ ಬಿದ್ದರೆ, ವಸಂತದ ಹೊತ್ತಿಗೆ ಇಡೀ ಗುಡ್ಡ ಕಂದಾಗಿರುತ್ತದೆ. ಆಮೇಲೆ ತೊಗಟೆ ಕೊರೆಯುವ ಹುಳು ಬರುತ್ತದೆ. ಕಾಗದದಲ್ಲಿ ಎಲ್ಲರೂ ಹುಳುವಿನ ಹೆಸರನ್ನೇ ಬರೆಯುತ್ತಾರೆ ಎಂದ.

ಬಿದ್ದ ಒಂದು ಮರದಿಂದ, ಎದೆಯ ಎತ್ತರದ ಭಾಗದಲ್ಲಿ, ಒಳಗಿನ ಉಂಗುರ ಎಣಿಸಲು ಒಂದು ದುಂಡು ಬಿಲ್ಲೆ ಕೊಯ್ಯಬೇಕಿತ್ತು. ಅತಿಥಿಗೆ ಮರ್ಯಾದೆ ಎಂದು ಗರಗಸದ ಒಂದು ಹಿಡಿ ನನಗೆ ಕೊಟ್ಟರು, ಇನ್ನೊಂದು ಯಾನ್ ಹಿಡಿದ. ಕಾಲು ಭಾಗ ಕೊಯ್ಯುವಷ್ಟರಲ್ಲಿ ಗರಗಸ ಕಿರ್ರೆಂದು ಕೂಗಿ ನಿಂತಿತು. ಎರಡು ಹಲ್ಲು ಮುರಿದಿದ್ದವು. ನಾಚಿಕೆಯಿಂದ ನೆಲ ನೋಡುತ್ತಾ ನಿಂತೆ. ಯಾನ್ ಬಗ್ಗಿ ನೋಡಿದವನು ಅಷ್ಟು ದಿನದಲ್ಲಿ ಮೊದಲ ಬಾರಿ ನಕ್ಕ. ಮರದೊಳಗೆ ಒಂದು ಮೊಳೆ ಇತ್ತು.

ಅದನ್ನು ಹೊಡೆದವನು ಅವನೇ ಅಂತೆ. ಯುದ್ಧ ಮುಗಿದ ಮೇಲೆ ಈ ಬೆಟ್ಟಕ್ಕೆ ಕೆಲಸಕ್ಕೆ ಬಂದ ವರ್ಷ ಮರಗಳಿಗೆ ನಂಬರಿನ ತಗಡು ಹೊಡೆದಿದ್ದ. ತಗಡು ಎಂದೋ ಬಿದ್ದುಹೋಗಿತ್ತು, ಮೊಳೆಯನ್ನು ಮರ ನುಂಗಿಕೊಂಡಿತ್ತು. ಮೊಳೆಯ ಎರಡೂ ಬದಿಗೆ ಕೊಯ್ದು, ಮೊಳೆ ಕಾಣುವ ಹಾಗೆ ಬಿಲ್ಲೆ ನುಣುಪು ಮಾಡಿ, ಗುಂಡುಸೂಜಿಯ ಮೊನೆಯಿಂದ ಒಂದೊಂದೇ ಉಂಗುರ ತೋರಿಸಿದ. ವರ್ಷಕ್ಕೊಂದು ಉಂಗುರ. ಇಗೋ ಮೊಳೆ ಹೊಡೆದ ವರ್ಷ. ಅದರ ಆಚೆ ಒಂದು ಸಣ್ಣ ಉಂಗುರ, ಮಳೆಯಿಲ್ಲದ ಬೇಸಿಗೆ. ಮರುವರ್ಷದಿಂದ ಮತ್ತೆ ಅಗಲ, ಅಕ್ಕಿ ಕಾಳಿನಷ್ಟು ಒಳ್ಳೆಯ ಅಗಲ, ಹತ್ತು ಹನ್ನೆರಡು ವರ್ಷ. ಆಮೇಲೆ ಕಣಿವೆಯಲ್ಲಿ ಚಿಮಣಿ ಎದ್ದ ವರ್ಷ. ಅಲ್ಲಿಂದಾಚೆಗೆ ಉಂಗುರಗಳು ಒಂದಕ್ಕೊಂದು ಅಂಟಿಕೊಂಡು ಕೂದಲೆಳೆಯಷ್ಟಾಗಿ, ಕೊನೆಯವನ್ನು ಎಣಿಸಲು ಭೂತಗನ್ನಡಿ ಬೇಕಾಯಿತು. ಬರ ಬಂದರೆ ಮರ ಒಂದು ವರ್ಷ ಉಸಿರು ಹಿಡಿದು ಕೂರುತ್ತದೆ, ಮಳೆ ಬಂದರೆ ಏಳುತ್ತದೆ. ಈ ಹೊಗೆಯಿಂದ ಏಳಲಿಲ್ಲ ಎಂದು ಯಾನ್ ಹೇಳಿದ.

ನನ್ನ ಕಣ್ಣು ಆ ಅಗಲ ಉಂಗುರಗಳ ಮೇಲೇ ನಿಂತಿತ್ತು. ಅವೆಲ್ಲ ಮೊಳೆ ಹೊಡೆದ ಮೇಲೆ ಬೆಳೆದವು. ಮೊಳೆಯಿಂದ ಮರಕ್ಕೆ ಏನೂ ಆಗಲಿಲ್ಲವೇ ಎಂದು ಕೇಳಿದೆ. ಇಲ್ಲ, ನಮ್ಮ ಕಾಲಿಗೆ ಮುಳ್ಳು ಚುಚ್ಚಿದ ಹಾಗೆ ಎಂದ. ಮತ್ತೆ ಕೇಳಿದೆ. ಒಂದು ಮೊಳೆಯಿಂದ ಇಷ್ಟು ದೊಡ್ಡ ಮರ ಸಾಯುವುದಿಲ್ಲ ಎಂದ. ಮೂರನೆಯ ಸಲ ಕೇಳಿದಾಗ ಹಾನಾ ಅನುವಾದ ಮಾಡದೆ ನನ್ನ ಮುಖವನ್ನೇ ನೋಡಿದಳು. ನಾನು ಆ ಮರದ ಮೇಲೆಯೇ ಕೂತುಬಿಟ್ಟೆ. ಮೆಟ್ಟಿಲ ಕೆಳಗೆ ನಿಂತು ಕೇಳಿದವನ ಮುಖ ಎದುರಿಗೆ ಬಂತು.

ಯಾನ್‌ನ ಅಡುಗೆಮನೆ

ಭಾನುವಾರ ಮಧ್ಯಾಹ್ನ ಊಟದ ಮೇಲೆ ಎಲ್ಲವನ್ನೂ ಹೇಳಿದೆ. ತೋಪು, ಗೂಡು, ಕಪ್ಪು ತುದಿಯ ಮಾವಿನಕಾಯಿ, ಮೊಳೆ, ವರದಿ. ಮರವನ್ನು ಕೊಡಲಿ ತೋರಿಸಿ ಹೆದರಿಸುವ ಪದ್ಧತಿಯನ್ನು ಹಾನಾಳಿಗೆ ವಿವರಿಸುವುದರಲ್ಲೇ ಅರ್ಧ ಹೊತ್ತು ಹೋಯಿತು. ಅವಳಿಗೆ ನಗು ಬಂತು, ನನ್ನ ಮುಖ ನೋಡಿ ತಡೆದುಕೊಂಡಳು. ಮಾರಿಯ ಮಾತ್ರ ಗಂಭೀರವಾಗಿ ಕೇಳಿದಳು, ಆ ಜಾಮೀನು ನಿಂತವರು ಯಾರು ಎಂದು. ನನಗೆ ಗೊತ್ತಿರಲಿಲ್ಲ. ನಾನು ವಿಚಾರಿಸಿರಲಿಲ್ಲ.

ಯಾನ್ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು ಕೂತ. ನಾನೂ ಹುಳು ಎಂದೇ ಬರೆದು ಸಹಿ ಹಾಕಿದ್ದೇನೆ, ಪ್ರತಿ ವರ್ಷ, ಎಂದ. ಚಿಮಣಿಗಳು ಸರ್ಕಾರದವೇ, ಹೊಗೆ ಎಂದು ಬರೆದರೆ ಮನೆ, ಕೆಲಸ ಎರಡೂ ಉಳಿಯುವುದಿಲ್ಲ, ಮಗಳು ಓದುತ್ತಿದ್ದಳು. ಹೇಳುವಾಗ ಅವನ ಕೈ ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಒಟ್ಟು ಮಾಡುತ್ತಿತ್ತು. ಆಮೇಲೆ ಹಾನಾಳ ಮೂಲಕ ನನಗೆ ಒಂದು ಮಾತು ಹೇಳಿದ.

"ಆ ಮನುಷ್ಯ ಬದುಕಿದ್ದಾನಲ್ಲವೇ? ಹೋಗಿ ಹೇಳು. ನಾನು ತಪ್ಪು ಹೇಳಿದ್ದು ಮರಗಳ ಬಗ್ಗೆ. ಅವುಗಳ ಮುಂದೆ ನಿಂತು ಏನಂತ ಹೇಳಲಿ?"

ಹೊರಡುವ ದಿನ ಮೊಳೆಯಿದ್ದ ಬಿಲ್ಲೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಲಿಟ್ಟ. ಹುರಿಹಿಟ್ಟು ಖಾಲಿಯಾಗಿದ್ದ ಚೀಲದಲ್ಲಿ ಅದು ಸರಿಯಾಗಿ ಹಿಡಿಸಿತು.

ಸೂಲಿಬೆಲೆ

ಊರಿಗೆ ಬಂದವನು ಮೊದಲು ಮುನಿಶಾಮಪ್ಪನ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಬರಿಗೈಲಿ ಹೋಗುವುದು ಹೇಗೆ, ಅವನ ಕೆಲಸವನ್ನು ಕೊಡಿಸಿಕೊಂಡೇ ಹೋಗೋಣ ಎಂದು ಮೇಲಿನವರಿಗೆ ಎರಡನೆಯ ವರದಿ ಬರೆದೆ. ನಿಜ ಹೇಳಬೇಕೆಂದರೆ ಅದು ನೆಪ, ಅವನ ಮುಖ ನೋಡಲು ಅಂಜಿಕೆ. ಎರಡು ತಿಂಗಳ ಮೇಲೆ, ಮುಗಿದ ಕಡತವನ್ನು ಮತ್ತೆ ತೆರೆಯುವ ಅಗತ್ಯ ಕಾಣುವುದಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ಅದೂ ಒಳ್ಳೆಯ ಇಂಗ್ಲಿಷಿನಲ್ಲೇ ಇತ್ತು.

ಬಿಲ್ಲೆಯನ್ನು ಚೀಲದಲ್ಲಿಟ್ಟುಕೊಂಡು ಒಂದು ಬೆಳಿಗ್ಗೆ ಹೋದೆ. ಮನೆಯಲ್ಲಿ ಅವನ ಹೆಂಡತಿ ಇದ್ದಳು. ಗೂಡಿನ ಹತ್ರ ಅವ್ರೆ, ಬೆಂಕಿ ಕೆಲ್ಸ ಎಂದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾವಲಿನ ಕೆಲಸ ಹೋದ ಮೇಲೆ ಅವನು ತೋಪಿನ ಪಕ್ಕದ ಇಟ್ಟಿಗೆ ಗೂಡಿಗೇ ಸೇರಿಕೊಂಡಿದ್ದ.

ಗೂಡಿನ ಬಾಯಿಗೆ ಸೌದೆ ತಳ್ಳುತ್ತಾ ನಿಂತಿದ್ದ, ತಲೆಗೂ ಮೂಗಿಗೂ ಒಂದೇ ಟವೆಲು ಸುತ್ತಿಕೊಂಡು. ಹುಬ್ಬು ಸುಟ್ಟು ಅರ್ಧವಾಗಿತ್ತು. ನನ್ನನ್ನು ಕಂಡು ಸಲಾಕೆ ಕೆಳಗಿಟ್ಟು ಹಳೆಯ ಅಭ್ಯಾಸದಂತೆ ಕೈಮುಗಿದ. ಕಲ್ಲಿದ್ದಲ ಪುಡಿಯ ಗುಡ್ಡೆಯ ಆಚೆ ನೆರಳಿಗೆ ಕರೆದುಕೊಂಡು ಹೋಗಿ ಬಿಲ್ಲೆಯನ್ನು ಅವನ ಕೈಗೆ ಕೊಟ್ಟೆ. ಯಾನ್ ತೋರಿಸಿದ ಹಾಗೇ ಒಂದೊಂದನ್ನೂ ತೋರಿಸಿದೆ. ಮೊಳೆ, ಬರಗಾಲದ ಉಂಗುರ, ಒಳ್ಳೆಯ ವರ್ಷಗಳು, ಹೊಗೆ. ಹೆಬ್ಬೆರಳಿನಿಂದ ಅವನು ಮೊಳೆಯನ್ನು ಮೆಲ್ಲಗೆ ಸವರಿದ.

"ನೀನು ಕೊಂದಿರಲಿಲ್ಲ ಮುನಿಶಾಮಪ್ಪ. ನಾನು ತಪ್ಪು ಬರೆದೆ," ಎಂದೆ.

ಅವನು ಬಿಲ್ಲೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಆಮೇಲೆ, "ನನ್ ಹೆಂಡ್ರು ಒಂದೊಂದು ಮರಕ್ಕೂ ಜಾಮೀನು ನಿಂತಿದ್ಲು ಸ್ವಾಮಿ," ಎಂದ. "ಬರೋ ವರ್ಷ ಬುಡ್ತದೆ, ಕಡೀಬ್ಯಾಡ ಅಂತ. ಮರ ಹೋಯ್ತು ಅಂದ್ಮೇಲೆ ತೋಪಿನ ಕಡೆ ತಲೆನೇ ಆಕಿಲ್ಲ ಅವ್ಳು. ಹೋಗಿ ಹೇಳ್ತೀನಿ."

ಅವನ ಮುಖ ಸಡಿಲವಾಯಿತು. ಅದನ್ನು ನೋಡಿ ನನಗೂ ಎದೆ ಹಗುರವಾಯಿತು ಎಂದು ಬರೆದುಕೊಳ್ಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ನಿಜ. ಒಂದು ನಿಮಿಷ ಅಷ್ಟೆ. ಅವನು ತಲೆಯೆತ್ತಿ ಗೂಡನ್ನು ನೋಡಿದ. ಹೊಗೆ ಮೇಲಕ್ಕೆ ಏಳದೆ ನೆಲದುದ್ದಕ್ಕೆ ತೋಪಿನ ಕಡೆಗೇ ಹರಿಯುತ್ತಿತ್ತು.

"ಅಂಗಾರೆ ಅವತ್ತು ಕೊಂದಿದ್ದು ನಾನಲ್ಲ," ಎಂದ. "ಈಗ ಕೊಲ್ತಿರೋದು ನಾನೇ ಅನ್ನಿ."

ಈ ಕೆಲಸ ಬಿಟ್ಟುಬಿಡು ಎನ್ನಲು ಬಾಯಿ ತೆರೆದೆ, ಬಿಟ್ಟು ಎಲ್ಲಿಗೆ ಎಂದು ಅವನು ಕೇಳಿದರೆ ಏನು ಹೇಳಲಿ ಎಂದು ಮುಚ್ಚಿದೆ. ಬಿಲ್ಲೆಯನ್ನು ನೀನೇ ಇಟ್ಟುಕೋ ಎಂದೆ. ಅವನು ಅದನ್ನು ಪತ್ರಿಕೆಯಲ್ಲಿ ಮೊದಲಿನಂತೆಯೇ ಸುತ್ತಿ ನನಗೆ ವಾಪಸು ಕೊಟ್ಟ.

"ತಗೊಂಡೋಗಿ ಸ್ವಾಮಿ. ಇಲ್ಲಿ ಮಡಗಿದ್ರೆ ಯಾರಾನ ಸೌದೆ ಅಂತ ಗೂಡೊಳಕ್ಕೆ ಹಾಕ್ಬುಡ್ತಾರೆ."

ಸಲಾಕೆ ಎತ್ತಿಕೊಂಡು ಗೂಡಿನ ಬಾಯಿಗೆ ಹೋದ. ಒಮ್ಮೆ ಹೊತ್ತಿಸಿದ ಗೂಡನ್ನು ನಡುವೆ ಬಿಡುವ ಹಾಗಿಲ್ಲ.

ನಾನು ತೋಪಿನೊಳಗೆ ನಡೆದೆ. ನಾಲ್ಕು ಮಾವು ಉಳಿದಿದ್ದವು. ಒಂದರ ಬೊಡ್ಡೆಯಲ್ಲಿ ಅವನ ಮೊಳೆ ಇನ್ನೂ ಇತ್ತು, ತೊಗಟೆ ಬೆಳೆದು ಅದರ ತಲೆಯನ್ನು ಅರ್ಧ ಮುಚ್ಚಿತ್ತು. ಕೈಗೆಟುಕಿದ ಒಂದು ಎಲೆಯನ್ನು ಬೆರಳಿನಿಂದ ಒರೆಸಿದೆ. ಬೆರಳು ಕಪ್ಪಾಯಿತು. ತಪಾಸಣೆಗೆ ಬಂದ ದಿನವೂ ಈ ಎಲೆಗಳು ಇಲ್ಲೇ, ನನ್ನ ಕೈಗೆ ಎಟುಕುವಷ್ಟೇ ಎತ್ತರದಲ್ಲಿದ್ದವು.